ಚಿತ್ರ ಕೊಡಿ, ಲೆಕ್ಕದ ಪುಸ್ತಕ ಕೊಡಬೇಡಿ



ಈಗ ಮಹಿಳಾ ಸಂಘಗಳ ಲೆಕ್ಕಪತ್ರವೂ ಕಂಪ್ಯೂಟರಿಗೆ ಬಂದಿದೆ. ಉಳಿತಾಯ, ಸಾಲ, ಬಡ್ಡಿಗಳನ್ನು ಎಕ್ಸೆಲ್‌ನಲ್ಲಿ ತುಂಬಿ, ಅದರಿಂದ ಚಾರ್ಟ್ ಮಾಡಿ, ವರ್ಡ್‌ನಲ್ಲಿ ಬರೆದ ವಾರ್ಷಿಕ ವರದಿಗೋ ಸಭೆಯಲ್ಲಿ ತೋರಿಸುವ ಪವರ್‌ಪಾಯಿಂಟ್‌ಗೋ ಅಂಟಿಸುವ ಕೆಲಸ ನಿಮ್ಮಲ್ಲಿ ಎಷ್ಟೋ ಮಂದಿಯ ಪಾಲಿಗೆ ಬಂದಿರಬಹುದು. ಕೆಲಸವೇನೋ ಸಣ್ಣದು. ಆದರೆ ಎಚ್ಚರ ತಪ್ಪಿದರೆ ಮನಸ್ತಾಪಕ್ಕೆ ದಾರಿ.

ನನಗೆ ಗೊತ್ತಿರುವ ಸಂಘವೊಂದರಲ್ಲಿ ಹೀಗೇ ಆಯಿತು. ಖಜಾಂಚಿ ವರದಿಯನ್ನು ಸದಸ್ಯೆಯರಿಗೆಲ್ಲ ಮೊಬೈಲಿನಲ್ಲಿ ಕಳಿಸಿದರು. ಅದರಲ್ಲಿದ್ದದ್ದು ಒಟ್ಟು ಉಳಿತಾಯದ ಒಂದೇ ಒಂದು ಚಾರ್ಟ್. ಒಬ್ಬರ ಮಗಳು ಮನೆಯ ಕಂಪ್ಯೂಟರಿನಲ್ಲಿ ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಎಡಿಟ್ ಡೇಟಾ’ಕ್ಕೆ ಹೋಗಿ ಎಕ್ಸೆಲ್‌ನಲ್ಲಿ ತೆರೆದಳು. ನೋಡಿದರೆ, ಯಾರು ಎಷ್ಟು ಸಾಲ ತೆಗೆದರು, ಯಾರ ಕಂತು ಎಷ್ಟು ಬಾಕಿ, ಎಲ್ಲ ಹಾಳೆಗಳೂ ಕಣ್ಣ ಮುಂದೆ! ಮನೆಯವರಿಗೂ ಹೇಳದೆ ಸಾಲ ಪಡೆದಿದ್ದ ಒಬ್ಬಾಕೆ ಮರುತಿಂಗಳಿಂದ ಸಭೆಗೆ ಬರುವುದನ್ನೇ ಬಿಟ್ಟರು. ಖಜಾಂಚಿ ಪಾಪ, “ನಾನು ಬರೀ ಚಾರ್ಟ್ ಅಂಟಿಸಿದ್ದು ಕಣ್ರೀ” ಎಂದು ಕಣ್ಣೀರಿಟ್ಟರು.

ತಪ್ಪು ಎಲ್ಲಾಯಿತು? ಎಕ್ಸೆಲ್‌ನಲ್ಲಿ ಚಾರ್ಟನ್ನು ಕಾಪಿ ಮಾಡಿ, ವರ್ಡ್‌ನಲ್ಲಿ ಬಲಗುಂಡಿ ಒತ್ತಿದರೆ ಪೇಸ್ಟ್ ಮಾಡಲು ಐದು ಪುಟ್ಟ ಗುರುತುಗಳು ಕಾಣುತ್ತವೆ. ಅವು ಮೂರು ಬಗೆಯವು.

‘ಎಂಬೆಡ್ ವರ್ಕ್‌ಬುಕ್’ ಎಂಬುದನ್ನು ಆರಿಸಿದರೆ ಚಾರ್ಟಿನ ಜೊತೆಗೆ ಇಡೀ ಎಕ್ಸೆಲ್ ಕಡತವೇ ವರದಿಯೊಳಗೆ ಹೊಕ್ಕು ಕೂರುತ್ತದೆ. ಪಕ್ಕದ ಮನೆಗೆ ಒಂದು ಬಟ್ಟಲು ಸಾರು ಕೊಡಲು ಹೋಗಿ ಅಡಿಗೆಮನೆಯ ಬೀಗದ ಕೈಯನ್ನೇ ಕೊಟ್ಟ ಹಾಗೆ! ಆ ಖಜಾಂಚಿ ಮಾಡಿದ್ದು ಇದನ್ನೇ.

‘ಲಿಂಕ್ ಡೇಟಾ’ ಎರಡನೆಯದು. ಸುಮ್ಮನೆ ಪೇಸ್ಟ್ ಮಾಡಿದರೆ ಸಾಮಾನ್ಯವಾಗಿ ಆಗುವುದು ಇದು. ಲೆಕ್ಕ ಮೂಲ ಕಡತದಲ್ಲೇ ಇರುತ್ತದೆ. ಅಲ್ಲಿ ಅಂಕಿ ತಿದ್ದಿದರೆ ಇಲ್ಲಿನ ಚಾರ್ಟೂ ಬದಲಾಗಬಲ್ಲದು. ವರದಿ ಇನ್ನೂ ತಯಾರಾಗುತ್ತಿರುವಾಗ ಇದು ಬಲು ಅನುಕೂಲ. ಆದರೆ ಮೂಲ ಕಡತದ ಹೆಸರನ್ನೋ ಜಾಗವನ್ನೋ ಬದಲಿಸಿದರೆ ನಂಟು ಕಡಿದುಹೋಗುತ್ತದೆ. ಸಭೆ ಒಪ್ಪಿದ ಮೇಲೂ ಅಂಕಿ ಬದಲಾದೀತೆಂಬ ಭಯ ಬೇರೆ.

ಮೂರನೆಯದು ‘ಪಿಕ್ಚರ್’. ಇದು ಬರೀ ಚಿತ್ರ, ಹಿಂದೆ ಲೆಕ್ಕವಿಲ್ಲ. ಹತ್ತು ಜನರಿಗೆ ಹಂಚುವ ವರದಿಗೆ ಇದೇ ಕ್ಷೇಮ. ಅಂಕಿ ತಿದ್ದಬೇಕಾದರೆ ಎಕ್ಸೆಲ್‌ನಲ್ಲಿ ತಿದ್ದಿ ಮತ್ತೊಮ್ಮೆ ಅಂಟಿಸಬೇಕು, ಅಷ್ಟೇ ಶ್ರಮ.

ಇನ್ನು ಕೆಲವು ಕಿವಿಮಾತು:

• ಚಿತ್ರವಾದ ಮೇಲೆ ಅಕ್ಷರ ದಪ್ಪ ಮಾಡಲಾಗದು. ಪರದೆಯ ಮೇಲೆ ತೋರಿಸುವುದಿದ್ದರೆ ಎಕ್ಸೆಲ್‌ನಲ್ಲೇ ದೊಡ್ಡದು ಮಾಡಿ, ಆಮೇಲೆ ಕಾಪಿ ಮಾಡಿ. ಹಿಂದೆ ಕೂತ ಅಜ್ಜಿಗೂ ಕಾಣಬೇಕಲ್ಲ!

• ಗಾತ್ರ ಬದಲಿಸುವಾಗ ಮೂಲೆ ಹಿಡಿದು ಎಳೆಯಿರಿ. ಪಕ್ಕದಿಂದ ಎಳೆದರೆ ಚಿತ್ರ ಸೊಟ್ಟಗಾಗುತ್ತದೆ.

• ವರದಿಯನ್ನು ಜೆರಾಕ್ಸ್ ಮಾಡಿಸುವುದಿದ್ದರೆ ಒಂದು ತೆಳು, ಒಂದು ಗಾಢ ಬಣ್ಣ ಸಾಕು. ಕೆಂಪು, ಹಸಿರು ಎರಡೂ ಕಪ್ಪಾಗಿ ಬಂದಾವು.

• ಕಳಿಸುವ ಮುನ್ನ ಪ್ರತಿ ಚಾರ್ಟಿನ ಮೇಲೂ ಬಲಗುಂಡಿ ಒತ್ತಿ ನೋಡಿ. ‘ಎಡಿಟ್ ಡೇಟಾ’ ಎಂದು ಕಂಡರೆ ಅದು ಚಿತ್ರವಲ್ಲ. ಅಳಿಸಿ, ‘ಪಿಕ್ಚರ್’ ಆಗಿ ಮತ್ತೆ ಅಂಟಿಸಿ.

ಕಷ್ಟ ಹೇಳಿಕೊಂಡು ಸಾಲ ಕೇಳಲು ಬರುವಾಕೆ, ಮಾತು ಈ ಕೋಣೆ ದಾಟದು ಎಂದು ನಂಬಿಯೇ ಬಂದಿರುತ್ತಾಳೆ. ಲೆಕ್ಕ ಬರೆಯುವ ಕೈ ನಿಮ್ಮದಾದರೆ ಆ ನಂಬಿಕೆ ಕಾಯುವ ಹೊಣೆಯೂ ನಿಮ್ಮದೇ ಅಲ್ಲವೇ?