ಗಾಳಿ ತಾನೇ ಅನ್ನಬೇಡಿ, ಸ್ವಾಮಿ!

ಸೈಕಲ್ಲಿಗೆ ಗಾಳಿ, ಸ್ಕೂಟರಿಗೆ ಗಾಳಿ, ಲಾರಿಗೆ ಗಾಳಿ. ಸಕಲೇಶಪುರದ ಹೆದ್ದಾರಿ ಪಕ್ಕದ ಪಂಕ್ಚರ್ ಅಂಗಡಿಯವರಿಗೆ ಇವೆಲ್ಲ ದಿನನಿತ್ಯದ ಕೆಲಸ. ಆದರೆ ಬಿಸಿಲೆ ಕಡೆಯ ಗಿರಾಕಿಯೊಬ್ಬ ಬಂದು ಉದ್ದನೆಯ ಚೀಲ ಬಿಚ್ಚಿ, ‘ಇದಕ್ಕೂ ಸ್ವಲ್ಪ ಗಾಳಿ ಹಾಕ್ಕೊಡಣ್ಣ’ ಎಂದು ಬಂದೂಕೊಂದನ್ನು ಮುಂದಿಟ್ಟರೆ ಅಂಗಡಿಯವನು ಏನು ಮಾಡಬೇಕು?

ನಕ್ಕು ಮರೆಯುವ ಪ್ರಶ್ನೆಯಲ್ಲ ಇದು. ಗಾಳಿ ಕೋವಿ ಮಲೆನಾಡಿಗೆ ಹೊಸದೇನಲ್ಲ. ನಳಿಗೆ ಮಡಚಿ, ಸ್ಪ್ರಿಂಗು ಬಿಗಿ ಮಾಡಿ, ಒಂದೊಂದೇ ಗುಂಡು ಹೊಡೆಯುವ ಹಳೇ ಏರ್‌ಗನ್ ಎಲ್ಲರಿಗೂ ಗೊತ್ತು. ಈಗಿನದು ಬೇರೆ ಜಾತಿ. ‘ಪಿಸಿಪಿ’ ಎಂದು ಕರೆಯುವ ಈ ಬಂದೂಕಿನಲ್ಲಿ ನಳಿಗೆಯ ಕೆಳಗೋ ಹಿಂದಿನ ಹಿಡಿಯಲ್ಲೋ ಒಂದು ಪುಟ್ಟ ಸಿಲಿಂಡರ್ ಇರುತ್ತದೆ. ಮೊದಲೇ ಗಾಳಿ ತುಂಬಿಟ್ಟರೆ ಸಾಲಾಗಿ ಹತ್ತಾರು ಗುಂಡು ಹೊಡೆಯಬಹುದು. ನಮ್ಮ ದೇಶದಲ್ಲೇ ತಯಾರಾಗುತ್ತಿದೆ. ಒಲಿಂಪಿಕ್ಸಿನ ಹತ್ತು ಮೀಟರ್ ಸ್ಪರ್ಧೆಯಲ್ಲಿ ಇಂದು ಹಿಡಿಯುವುದೂ ಇದೇ ಜಾತಿಯ ಬಂದೂಕನ್ನು. ಕೊಳ್ಳುವುದೇನೋ ಸುಲಭ. ತುಂಬುವುದು ಹೇಗೆ ಎಂಬುದೇ ಕಷ್ಟ.

ಲೆಕ್ಕ ಒಂದಿಷ್ಟು ನೋಡಿ. ಸ್ಕೂಟರ್ ಚಕ್ರಕ್ಕೆ ಮೂವತ್ತು ಪೌಂಡಿನ ಆಸುಪಾಸು ಗಾಳಿ. ಭಾರ ಹೊರುವ ಲಾರಿಗೆ ನೂರು, ನೂರಿಪ್ಪತ್ತು ಪೌಂಡ್. ಈ ಬಂದೂಕಿಗೆ? ಸಾಮಾನ್ಯವಾಗಿ 200 ಬಾರ್. ಒಂದು ಬಾರ್ ಅಂದರೆ ಹದಿನಾಲ್ಕೂವರೆ ಪೌಂಡ್. ಗುಣಿಸಿದರೆ 2,900 ಪೌಂಡ್! ಒಂದು ಲೋಟದಷ್ಟು ಜಾಗದಲ್ಲಿ ಇನ್ನೂರು ಲೋಟ ಗಾಳಿಯನ್ನು ಅದುಮಿ ಕೂರಿಸಿದ ಹಾಗೆ. ಲಾರಿ ಟೈರು ಸಿಡಿದರೇ ಪಕ್ಕದಲ್ಲಿದ್ದವನ ಪ್ರಾಣಕ್ಕೆ ಸಂಚಕಾರ. ಅದರ ಇಪ್ಪತ್ತೈದು ಪಾಲು ಒತ್ತಡವನ್ನು ಕೆನ್ನೆಗೆ ಒತ್ತಿ ಹಿಡಿದು ಗುರಿ ಇಡುವವನು ‘ಗಾಳಿ ತಾನೇ’ ಅಂದರೆ ಏನೆನ್ನಬೇಕು?

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹೆಚ್ಚೆಂದರೆ ನೂರೈವತ್ತು ಪೌಂಡಿನ ತನಕ ಏರೀತು. ಈ ಕೋವಿಗೆ ಅದು ಏತಕ್ಕೂ ಸಾಲದು. ಅಲ್ಲಿಗೇ ಗಿರಾಕಿ ಮನೆಗೆ ಹೋದರೆ ಒಳ್ಳೆಯದು. ಆದರೆ ಅವನ ಕಣ್ಣು ಪಕ್ಕದ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ಮೇಲೆ ಬಿದ್ದರೆ? ಅದರಲ್ಲಿ 150 ಬಾರ್‌ನಷ್ಟು ಒತ್ತಡ ಇರುತ್ತದಲ್ಲ! ‘ಅದೂ ಗಾಳಿನೇ ಅಲ್ವಾ’ ಎಂಬ ಜಾಣತನ ಹುಟ್ಟುವುದೇ ಇಲ್ಲಿ. ಅದು ಗಾಳಿಯಲ್ಲ, ಸ್ವಾಮಿ. ಅಷ್ಟು ಒತ್ತಡದ ಆಕ್ಸಿಜನ್ನಿಗೆ ಎಣ್ಣೆಯ ಪಸೆಯೋ ಗ್ರೀಸೋ ಸೋಕಿದರೆ ಕಡ್ಡಿ ಗೀರುವುದೇ ಬೇಡ, ತಾನಾಗಿ ಹೊತ್ತಿ ಸಿಡಿಯುತ್ತದೆ. ಆಗ ಬಂದೂಕು ಬಂದೂಕಲ್ಲ, ಬಾಂಬು. ತಯಾರಕರು ಬೇಡವೇ ಬೇಡ ಎನ್ನುವ ಕೆಲಸ ಇದು. ವೆಲ್ಡಿಂಗ್ ಅಂಗಡಿಯವರು ಎಷ್ಟೇ ಕಾಸು ಕೊಟ್ಟರೂ ಒಪ್ಪಬಾರದು.

ಹಾಗಾದರೆ ಸರಿಯಾದ ದಾರಿ ಯಾವುದು? ಈ ಬಂದೂಕಿಗೆಂದೇ ಮಾಡಿದ ಕೈಪಂಪು, ಇಲ್ಲವೇ ಇದಕ್ಕೆಂದೇ ಇರುವ ಹೆಚ್ಚು ಒತ್ತಡದ ಕಂಪ್ರೆಸರ್, ಇಲ್ಲವೇ ನೀರಿನಡಿ ಮುಳುಗುವವರು ಬೆನ್ನಿಗೆ ಕಟ್ಟುವಂಥ, ಪರೀಕ್ಷೆಯಾದ ಗಾಳಿ ಸಿಲಿಂಡರ್. ನಾಲ್ಕನೆಯ ದಾರಿ ಹುಡುಕಬೇಡಿ. ಕೆಲವು ಬಂದೂಕಿಗೆ 200 ಬಾರ್, ಕೆಲವಕ್ಕೆ 250, ಮತ್ತೆ ಕೆಲವಕ್ಕೆ 300. ಪಕ್ಕದ ತೋಟದವರ ಲೆಕ್ಕ ನಮ್ಮ ಬಂದೂಕಿಗೆ ನಡೆಯದು. ಬಂದೂಕಿನ ಮೇಲೆ, ಅದರ ಪುಸ್ತಕದಲ್ಲಿ ಏನು ಅಂಕಿ ಇದೆಯೋ ಅದೇ ಗೆರೆ. ತುಂಬುವ ಮುಂಚೆ ಒಳಗೆ ಗುಂಡು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ನಳಿಗೆ ಯಾರ ಕಡೆಗೂ ಇರಬಾರದು. ಗಾಳಿ ನಿಧಾನವಾಗಿ ಹೋಗಬೇಕು. ಅವಸರ ಮಾಡಿದರೆ ಸಿಲಿಂಡರ್ ಬಿಸಿಯಾಗಿ ಮೀಟರ್ ಸುಳ್ಳು ಹೇಳುತ್ತದೆ. ತಣ್ಣಗಾದ ಮೇಲೆ ಮುಳ್ಳು ಇಳಿಯುತ್ತದೆ. ತುಂಬಿದ ಮೇಲೆ ಕೊಳವೆಯೊಳಗಿನ ಗಾಳಿ ಹೊರಬಿಡದೆ ಅದನ್ನು ಕೀಳಬಾರದು. ಕಿತ್ತರೆ ಹಾವಿನ ಹಾಗೆ ಮುಖಕ್ಕೆ ಎಗರೀತು.

‘ಇನ್ನೊಂದು ಇಪ್ಪತ್ತು ಬಾರ್ ಹಾಕಿದರೆ ಏಟು ಜೋರಾಗಿರುತ್ತೆ’ ಎಂಬ ನಂಬಿಕೆಯೂ ಕೆಲವರಿಗಿದೆ. ನಿಜ ಅದರ ತಿರುಗುಮುರುಗು. ಒತ್ತಡ ಮಿತಿ ಮೀರಿದರೆ ಒಳಗಿನ ಸುತ್ತಿಗೆಗೆ ವಾಲ್ವ್ ಸರಿಯಾಗಿ ತೆರೆಯಲಾಗದು. ಗುಂಡು ಮೊದಲಿಗಿಂತ ಮೆತ್ತಗೆ ಹೋಗುತ್ತದೆ. ಅಪಾಯ ಹೆಚ್ಚು, ಲಾಭ ಸೊನ್ನೆ!

ಇನ್ನು ಬಿಸಿಲೆಯ ಮಾತು. ಹೆಸರಲ್ಲಿ ಬಿಸಿಲು, ಊರಲ್ಲಿ ಮಳೆ. ಮುಂಗಾರು ಹಿಡಿದರೆ ವಣಗೂರಿನಿಂದ ಕುಲ್ಕುಂದದ ತನಕ ಘಾಟಿಯ ಗಾಳಿಯೇ ಒದ್ದೆ. ಆ ಗಾಳಿಯನ್ನು ಪಂಪು ಹೊಡೆದು ಅದುಮಿದರೆ ಅದರ ನೀರೂ ಸಿಲಿಂಡರ್ ಸೇರುತ್ತದೆ. ಉಕ್ಕಿನ ಸಿಲಿಂಡರಾದರೆ ಒಳಗೊಳಗೇ ತುಕ್ಕು. ಹೊರಗೆ ಪಾಲಿಷ್, ಒಳಗೆ ಗೆದ್ದಲು ತಿಂದ ತೊಲೆ. ತೇವ ಹೀರುವ ಫಿಲ್ಟರ್ ಇರುವ ಪಂಪು ಮಲೆನಾಡಿನಲ್ಲಿ ಶೋಕಿಯಲ್ಲ, ಅಗತ್ಯ. ಅದರೊಳಗಿನ ಹರಳು ಬಣ್ಣ ಬದಲಿಸಿದಾಗ ಹೊಸದು ಹಾಕುವುದೂ ಅಷ್ಟೇ ಅಗತ್ಯ.

ಬೆಳಗಿನ ಚಳಿಯಲ್ಲಿ ಭರ್ತಿ ತುಂಬಿಸಿ, ಹಾಸನದ ಬಿಸಿಲಲ್ಲಿ ಕಿಟಕಿ ಮುಚ್ಚಿದ ಕಾರಲ್ಲಿ ಬಿಟ್ಟು ಹೋಗುವುದೂ ತಪ್ಪು. ಹದಿನೈದು ಡಿಗ್ರಿಯಲ್ಲಿ 200 ಬಾರ್ ಇದ್ದದ್ದು ಅರವತ್ತು ಡಿಗ್ರಿ ಕಾವಿಗೆ 230 ದಾಟುತ್ತದೆ. ಯಾರೂ ಪಂಪು ಮುಟ್ಟದೆಯೇ ಮಿತಿ ಮೀರಿದಂತಾಯಿತು. ತುಂಬಿದ ಬಂದೂಕನ್ನೋ ಗಾಳಿ ಸಿಲಿಂಡರನ್ನೋ ಚೀಲದಲ್ಲಿ ಸುತ್ತಿ ಸಕಲೇಶಪುರದ ಬಸ್ಸಿನ ಸೀಟಿನಡಿ ತಳ್ಳುವ ಯೋಚನೆಯನ್ನಂತೂ ಯಾರೂ ಮಾಡಕೂಡದು. ಆ ಬಸ್ಸಿನಲ್ಲಿ ಶಾಲೆಯ ಮಕ್ಕಳಿರುತ್ತಾರೆ, ಸಂತೆಯಿಂದ ಬರುವ ತಾಯಂದಿರಿರುತ್ತಾರೆ. ಅವರಿಗೆ ಆ ಚೀಲದ ಗುಟ್ಟು ಗೊತ್ತೇ?

ಸಿಲಿಂಡರಿಗೂ ಆಯುಷ್ಯವಿದೆ. ಅಂತರರಾಷ್ಟ್ರೀಯ ಶೂಟಿಂಗ್ ಸ್ಪರ್ಧೆಗಳಲ್ಲಿ ಅವಧಿ ಮುಗಿಯದ ಸಿಲಿಂಡರ್ ತರುವ ಹೊಣೆ ಸ್ಪರ್ಧಾಳುವಿನದೇ. ಹೆಚ್ಚೆಂದರೆ ಹತ್ತು ವರ್ಷ ಎಂಬ ನಿಯಮ. ಪದಕ ಗೆದ್ದವರಿಗೇ ಆ ಕಟ್ಟಳೆ ಇರುವಾಗ ತೋಟದ ಮನೆಯ ಗೋಡೆಗೆ ತೂಗುವ ಬಂದೂಕಿಗೆ ಬೇಡವೇ? ನಮ್ಮಲ್ಲೂ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ. ತುಂಬಿಸುವ ದೊಡ್ಡ ಸಿಲಿಂಡರ್ ನಿಗದಿತ ಅವಧಿಗೊಮ್ಮೆ ಪರೀಕ್ಷೆಯಾಗಬೇಕು. ತಾರೀಖು ಅದರ ಮೈಮೇಲೇ ಇರುತ್ತದೆ. ಓದುವ ಕಣ್ಣು ಬೇಕು, ಅಷ್ಟೆ.

ತುಂಬಿದ್ದಾಯಿತು, ಹೊಡೆಯುವುದು ಯಾವುದಕ್ಕೆ? ಡಬ್ಬಿಗೋ ಕಾಗದದ ಗುರಿಗೋ ಆದರೆ ಸರಿ. ಕಾಡಿನ ಜೀವಕ್ಕಾದರೆ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕಣ್ಣಿನಲ್ಲಿ ಪ್ರಾಣಿಯನ್ನು ಗಾಯಗೊಳಿಸಬಲ್ಲ ಯಾವ ಸಾಧನವೂ ಆಯುಧವೇ. ಆನೆಗೆ ಈ ಗುಂಡು ತಾಗಿದರೆ ಆನೆ ಸಾಯುವುದಿಲ್ಲ, ಕೆರಳುತ್ತದೆ. ಮರುದಿನ ಅದರ ಎದುರು ಸಿಗುವವರು ಕೂಲಿಗೆ ಹೊರಟ ಬಡವರು. ಆಲೂರು, ಸಕಲೇಶಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 20 ಜೌಲ್ ಶಕ್ತಿ ಮೀರಿದ, ಇಲ್ಲವೇ ನಳಿಗೆ 0.177 ಅಂಗುಲಕ್ಕಿಂತ ದೊಡ್ಡದಾದ ಗಾಳಿ ಕೋವಿಗೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸೂ ಬೇಕು.

ಬಂದೂಕನ್ನೇ ನಿಷೇಧಿಸಿ ಎಂದರೆ ಆಟದ ಹುಡುಗರ ಬಾಯಿಗೆ ಮಣ್ಣು ಹಾಕಿದಂತೆ. ಅದು ಬೇಡ. ಆದರೆ ಮಾರುವವರು ಕಾಸು ಎಣಿಸಿಕೊಂಡು ಕೈ ತೊಳೆದರೆ ಸಾಲದು. ಎಷ್ಟು ಬಾರ್, ಯಾವ ಗಾಳಿ, ಎಷ್ಟು ವರ್ಷ ಎಂಬ ಮೂರು ಮಾತುಗಳನ್ನು ಅಚ್ಚ ಕನ್ನಡದಲ್ಲಿ ಒಂದು ಚೀಟಿ ಮಾಡಿ ಬಂದೂಕಿನ ಜೊತೆ ಕೊಡಲಿ. ಇಂಗ್ಲಿಷ್ ಪುಸ್ತಕ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಬಂದೂಕು ಮಾತ್ರ ಹೊರಬರುತ್ತದೆ. ಪೊಲೀಸರೂ ಅರಣ್ಯ ಇಲಾಖೆಯವರೂ ಅನಾಹುತವಾದ ಮೇಲೆ ಮಹಜರು ಬರೆಯುವ ಬದಲು ಈಗಲೇ ವರ್ತಕರನ್ನೂ ತೋಟದವರನ್ನೂ ಕರೆದು ನಾಲ್ಕು ಮಾತು ಹೇಳಲಿ.

ಗಿರಾಕಿಯೇ ದೇವರು, ನಿಜ. ಆದರೆ ಬಂದೂಕು ಹಿಡಿದು ಗಾಳಿ ಕೇಳುವ ದೇವರಿಗೆ ‘ಇಲ್ಲಿ ಹಾಕಲ್ಲ, ಹೋಗಿ ಬನ್ನಿ ಸ್ವಾಮಿ’ ಅನ್ನುವ ಧೈರ್ಯ ಅಂಗಡಿಯವರಿಗಿರಲಿ. ಆ ಒಂದು ಮಾತಿನಿಂದ ಹೋಗುವುದು ಹತ್ತಿಪ್ಪತ್ತು ರೂಪಾಯಿ. ಉಳಿಯುವುದು ಅಂಗಡಿಯ ಹುಡುಗನ ಎರಡು ಕಣ್ಣು.