ಹಲಗೆಯ ಬಾಡಿಗೆ

"ನೀನು ಮಲಗೋ ಹಲಗೆಗೂ ನಾನು ಬಾಡಿಗೆ ಕೊಡಬೇಕೇನಯ್ಯಾ?" ಎಂದು ಹಾಳೆತಟ್ಟೆಯ ವ್ಯಾಪಾರಿಯೊಬ್ಬರು ಹಮಾಲರೆದುರಿಗೇ ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೊಡಬೇಕು ಸಾಹುಕಾರ್ರೆ ಎಂದು ಅಂದೇ ಹೇಳಬೇಕಿತ್ತು.

ನನ್ನದು ಮುಚ್ಚಿದ ತಗಡಿನ ಬಾಡಿಯ ಸಣ್ಣ ಗೂಡ್ಸ್ ಗಾಡಿ. ಒಳಗೆ ಏಳಡಿ ಉದ್ದ. ಕ್ಯಾಬಿನ್ನಿನಲ್ಲಿ ಅಡ್ಡಡ್ಡ ಮಲಗಿದರೆ ಗೇರು ಸೊಂಟಕ್ಕೆ, ಮೊಣಕಾಲು ಬಾಗಿಲಿಗೆ. ಅದಕ್ಕೇ ಮೊದಲು ಹಿಂದುಗಡೆ ಕೀಲು ಹಾಕಿಸಿ ಮಡಚುವ ಹಲಗೆ ಮಾಡಿಸಿದೆ. ಅದು ಪ್ರಯೋಜನಕ್ಕೆ ಬರಲಿಲ್ಲ. ನಿದ್ದೆ ಬೇಕಾಗುವುದು ಲೋಡು ಇರುವ ರಾತ್ರಿಯಲ್ಲೇ. ಆಮೇಲೆ ಹಲಗೆಯನ್ನು ಎತ್ತರಕ್ಕೆ ಬಿಗಿಸಿದೆ. ಕೆಳಗೆ ಮಾಲು, ಮೇಲೆ ನಾನು. ಪಕ್ಕದ ಕಟ್ಟುಗಳು ಮೈಮೇಲೆ ಉರುಳದಂತೆ ಜಾಲರಿ, ತಲೆಯ ಹತ್ತಿರ ಗಾಳಿಗೆ ಎರಡು ಕಿಂಡಿ. ಇಂಥ ಬಾಡಿಯ ಬಾಗಿಲಿಗೆ ಚಿಲಕವಿರುವುದು ಹೊರಗಡೆ ಮಾತ್ರ. ಯಾರಾದರೂ ತಮಾಷೆಗೆ ಹಾಕಿ ಹೋದರೆ ಒಳಗಿದ್ದವನ ಗತಿ? ಒಳಗಿಂದಲೂ ತೆಗೆಯುವಂತೆ ಒಂದು ಸರಳು ಹಾಕಿಸಿದೆ. ಇಂಜಿನ್ ಓಡುತ್ತಿರುವಾಗ ಒಳಗೆ ಕಣ್ಣು ಮುಚ್ಚುವುದಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಗಾಡಿ ಓಡುವಾಗಲಂತೂ ಹಿಂದೆ ಯಾರೂ ಇರಕೂಡದು, ಅದರಲ್ಲಿ ತಕರಾರಿಲ್ಲ.

ನಾನು ಮಲಗಲು ಬೇಕಾದದ್ದು ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. 24 ಘನ ಅಡಿ. ಹಾಳೆತಟ್ಟೆ ತೂಕದ ಮಾಲಲ್ಲ, ಜಾಗ ತಿನ್ನುವ ಮಾಲು. ಸಾಹುಕಾರರ ಲೆಕ್ಕ ಸರಿಯೇ. ಆದರೆ ಆ ಲೆಕ್ಕದಲ್ಲಿ ರಾತ್ರಿ ಇಲ್ಲ. ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ದಾಟಿ ಸುಮಾರು 250 ಕಿಲೋಮೀಟರು ಓಡಿಸಿ ನಾನು ಬೆಂಗಳೂರು ತಲುಪುವುದು ಬೆಳಗಿನ ಜಾವ ಮೂರಕ್ಕೆ. ಗೋದಾಮು ತೆರೆಯುವುದು ಹತ್ತಕ್ಕೆ. ಅಲ್ಲಿಯವರೆಗೆ ಗೇಟಿನೊಳಗೆ ಬಿಡುವುದಿಲ್ಲ, ಕಕ್ಕಸಿಗೂ ಸಹ. ಲಾಡ್ಜಿಗೆ ಹೋಗಬಹುದಲ್ಲ ಎನ್ನುತ್ತಾರೆ. ಬೀದಿಯಲ್ಲಿ ಬಿಟ್ಟ ಮಾಲು ಕಳುವಾದರೆ ಯಾರ ಜವಾಬ್ದಾರಿ ಎಂದರೆ, ನಿನ್ನದೇ. ಹಾಗಾದರೆ ಆ ಏಳು ಗಂಟೆ ನಾನು ಮಲಗಿರುವುದು ಅವರ ಮಾಲಿಗೆ ಕಾವಲಾಗಿ ಎಂದಾಯಿತು. ಕಾವಲುಗಾರನಿಗೆ ಸಂಬಳವಿಲ್ಲವೇ?

ಕಾನೂನು ನಮ್ಮಂಥವರನ್ನು ನೋಡಿಯೇ ಇಲ್ಲ ಎನ್ನಲಾರೆ. ನೋಡಿತು, ನೋಡಿ ದಾಟಿಹೋಯಿತು. ರಾತ್ರಿ ತಂಗಬೇಕಾದ ಕಡೆ ಕಾರ್ಮಿಕರಿಗೆ ವಿಶ್ರಾಂತಿ ಕೋಣೆ ಒದಗಿಸಬೇಕೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳಿತು. ಆದರೆ ಐದು ಅಥವಾ ಹೆಚ್ಚು ಜನರನ್ನು ಇಟ್ಟುಕೊಂಡ ಸಂಸ್ಥೆಗಳಿಗೆ. ನನ್ನ ಸಂಸ್ಥೆಯಲ್ಲಿ ಮಾಲೀಕ, ಡ್ರೈವರು, ಕ್ಲೀನರು ಎಲ್ಲ ಸೇರಿ ಒಬ್ಬನೇ. 2025ರಲ್ಲಿ ಹೊಸದಾಗಿ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಯಿತು. ಒಳ್ಳೆಯದೇ. ಅದೂ ಒಟ್ಟು ತೂಕ ಮೂರೂವರೆ ಟನ್ ಮೀರಿದ ಗಾಡಿಗಳಿಗೆ. ಸಣ್ಣ ಗಾಡಿಯವನಿಗೆ ಸೆಕೆ ಸಣ್ಣದಿರಬೇಕು!

ನಾನು ಹುಟ್ಟಿ ಬೆಳೆದದ್ದು ಕಾಗದನಗರದ ಕ್ವಾರ್ಟರ್ಸಿನಲ್ಲಿ. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸಿನ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಸರದಿ ಬರುವವರೆಗೆ ಡ್ರೈವರುಗಳು ಲಾರಿಯ ಅಡಿಯಲ್ಲೇ ಚಾಪೆ ಹಾಸುತ್ತಿದ್ದರು. ಒಳಗೆ ಕ್ಯಾಂಟೀನು, ಪಾಳಿ, ಓವರ್‌ಟೈಮು, ಎಲ್ಲಕ್ಕೂ ಸೈರನ್ನು. ಗೇಟಿನ ಹೊರಗೆ ಮಲಗಿದವರಿಗೆ ಏನೇನೂ ಇಲ್ಲ. ಮಿಲ್ಲಿನವರ ಮಕ್ಕಳಾದ ನಾವು ಅದನ್ನು ನೋಡಿ ನಗುತ್ತಿದ್ದೆವು. 2015ರ ಸುಮಾರಿಗೆ ಉತ್ಪಾದನೆ ನಿಂತಿತು. ಗೇಟಿನ ಒಳಗಿದ್ದವರ ಮಕ್ಕಳು ಹೊರಗಿನವರಾದೆವು. ಸಾಲ ಮಾಡಿ ಒಬ್ಬೊಬ್ಬರು ಒಂದೊಂದು ಗಾಡಿ ತೆಗೆದುಕೊಂಡೆವು. ಇದಕ್ಕೆ ಸ್ವಂತ ಉದ್ಯೋಗ ಎಂದು ಹೆಸರು. ನಿದ್ದೆಗೆಟ್ಟರೆ ಅದೂ ಸ್ವಂತದ್ದೇ.

ಆದರೆ ನಿದ್ದೆಗೆಟ್ಟವನು ಗಾಡಿ ಓಡಿಸುವುದು ಎಲ್ಲರೂ ಓಡಾಡುವ ರಸ್ತೆಯಲ್ಲಿ. ಬೀರೂರಿನ ಬಳಿ ಒಮ್ಮೆ ನನಗೆ ಕಣ್ಣು ಹತ್ತಿ, ಎಡಗಡೆಯ ಚಕ್ರ ಮಣ್ಣಿಗಿಳಿದ ಸದ್ದಿಗೆ ಎಚ್ಚರವಾಯಿತು. ಎದುರಿಗೆ ಬಸ್ಸಿತ್ತು. ಹಲಗೆ ಮಾಡಿಸಿದ್ದು ಅದರ ಮರುವಾರ.

ಈಗ ಬಾಡಿಗೆ ಚೀಟಿಯಲ್ಲಿ 'ಹಲಗೆ' ಎಂದು ಬೇರೆ ಸಾಲು ಬರೆಯುತ್ತೇನೆ. ಹಾಳೆತಟ್ಟೆಯ ಸಾಹುಕಾರರು ಎರಡು ಸಲ ಅದನ್ನು ಹೊಡೆದುಹಾಕಿದರು. ಗುರುವಾರ ಮತ್ತೆ ಅವರದೇ ಲೋಡಿದೆ, ಮತ್ತೆ ಬರೆಯುತ್ತೇನೆ.