ಹಬ್ಬೋ, ಡಾಕೋ?

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಸುಗ್ಗಿ ಜೋರಾದಾಗ ಒಂದೇ ದಿನಕ್ಕೆ ಲಕ್ಷಕ್ಕೂ ಮೀರಿ ಚೀಲ ಬರುವುದುಂಟು. ಖರೀದಿದಾರರು ಕಾಯಿ ಮುರಿದು, ಡಬ್ಬಿ ತಳಿಯೋ ಕಡ್ಡಿ ತಳಿಯೋ ನೋಡಿ, ಬಣ್ಣ ಅಳೆದು, ಲಾಟ್ ನಂಬರಿಗೆ ಇ-ಟೆಂಡರ್‌ನಲ್ಲಿ ದರ ಹಾಕುತ್ತಾರೆ. ಟೆಂಡರ್ ಬಿಟ್ಟ ಮೇಲೆ ತೂಕ, ಬಿಲ್ಲು, ಲೆಕ್ಕ. ದಲಾಲಿ ಅಂಗಡಿಯ ಗಾದಿಯ ಮೇಲೆ ಕಿರ್ದಿ-ಖಾತೆ ಇದ್ದ ಜಾಗದಲ್ಲೀಗ ಲ್ಯಾಪ್‌ಟಾಪ್ ಕೂತಿದೆ. ಅದಕ್ಕಿರುವುದು ಎರಡೋ ಮೂರೋ ಪೋರ್ಟು. ಸಿಕ್ಕಿಸಬೇಕಾದದ್ದು ಪ್ರಿಂಟರ್, ಮೌಸ್, ಡಿಜಿಟಲ್ ಸಹಿಯ ಟೋಕನ್, ಬ್ಯಾಕಪ್ ಹಾರ್ಡ್‌ಡಿಸ್ಕ್, ಲ್ಯಾನ್ ವೈರು, ದೊಡ್ಡ ಮಾನಿಟರ್, ತೂಕದ ಯಂತ್ರ.

“ಸರ, ಹಬ್ ತಗೊಳ್ಳೂದೋ, ಡಾಕ್ ತಗೊಳ್ಳೂದೋ?” ಅಂಥದೊಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕಾಗಿನೆಲೆಯ ಹುಡುಗ ಕೇಳಿದ. ಎರಡೂ ಲ್ಯಾಪ್‌ಟಾಪಿನ ಒಂದು ಪೋರ್ಟಿಗೆ ಸಿಕ್ಕಿಸಿ ಹಲವು ಪೋರ್ಟು ಪಡೆಯುವ ಸಾಧನಗಳೇ.

“ತಮ್ಮಾ, ಕರೆಂಟ್ ಹ್ವಾದಾಗ ನಿಮ್ಮಂಗಡ್ಯಾಗ ಏನಾಗ್ತೈತಿ, ಅದನ್ನ ಮೊದಲ ಹೇಳು” ಎಂದೆ. ಪ್ರಶ್ನೆಗೆ ಪ್ರಶ್ನೆ ಹಾಕುವ ಮುದುಕರ ಚಾಳಿ ಎಂದುಕೊಂಡಿರಬೇಕು, ನಕ್ಕ.

ಡಾಕಿನ ಯೋಚನೆ ಹೊಸದೇನಲ್ಲ. 1992ರಲ್ಲೇ ಆ್ಯಪಲ್ ಕಂಪನಿ ಪವರ್‌ಬುಕ್ ಡ್ಯುವೋ ಎಂಬ ತೆಳು ಯಂತ್ರ ತಂದು, ಅದನ್ನು ಇಡಿಯಾಗಿ ನುಂಗುವ ಡ್ಯುವೋ ಡಾಕ್ ಎಂಬ ಪೆಟ್ಟಿಗೆಯನ್ನೂ ಮಾರಿತ್ತು. ಮೌಸಿಗೊಂದು, ಪ್ರಿಂಟರಿಗೊಂದು, ಮೋಡೆಮ್‌ಗೊಂದು ಪೋರ್ಟ್ ಎಂಬ ಗೋಜಲನ್ನು ತಪ್ಪಿಸಲೆಂದು 1996ರಲ್ಲಿ ಯುಎಸ್‌ಬಿ ಬಂತು. ಅದನ್ನು ರೂಪಿಸಿದ ಇಂಟೆಲ್ ತಂಡದಲ್ಲಿ ಬರೋಡಾದಲ್ಲಿ ಓದಿದ ಅಜಯ್ ಭಟ್ ಇದ್ದರು. 2014ರಲ್ಲಿ ತಲೆಕೆಳಗಾದರೂ ಕೂರುವ, 24 ಪಿನ್ನಿನ ಸಿ ಪೋರ್ಟ್ ಸಿದ್ಧವಾಯಿತು. ಮರುವರ್ಷ ಆ್ಯಪಲ್‌ನವರು ಹೆಡ್‌ಫೋನಿನ ತೂತು ಬಿಟ್ಟರೆ ಅದೊಂದೇ ಪೋರ್ಟಿರುವ ಮ್ಯಾಕ್‌ಬುಕ್ ತಂದರು. ಗೋಜಲು ಲ್ಯಾಪ್‌ಟಾಪಿನ ಒಳಗಿಂದ ಹೊರಗೆ ಬಂತು. ಬಾಲದಂತೆ ನೇತಾಡುವ ಹಬ್ಬುಗಳ ವ್ಯಾಪಾರ ಕುದುರಿದ್ದು ಆಮೇಲೆ.

ಸಿ ಪೋರ್ಟುಗಳೆಲ್ಲ ಹೊರಗಿನಿಂದ ಒಂದೇ ತರಹ. ಒಂದು ಚಿತ್ರ ಕಳಿಸೀತು, ಚಾರ್ಜೂ ತೆಗೆದುಕೊಂಡೀತು. ಇನ್ನೊಂದು ಬರೀ ಫೈಲ್ ಸಾಗಿಸೀತು, ಅಷ್ಟೇ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿರುವುದು ಈ ಎರಡನೆಯ ಜಾತಿ. ಅದಕ್ಕೆ ಎಚ್‌ಡಿಎಂಐ ಇರುವ ಹಬ್ ಹಾಕಿದರೆ ಮಾನಿಟರ್ ಕಪ್ಪಾಗಿಯೇ ಇರುತ್ತದೆ, ಬೈಗುಳ ಮಾತ್ರ ಹಬ್ಬಿಗೆ ಸಿಗುತ್ತದೆ. ಪೋರ್ಟಿನ ಪಕ್ಕ ಮಿಂಚಿನ ಗುರುತೋ ಡಿಸ್‌ಪ್ಲೇಪೋರ್ಟಿನ ಗುರುತೋ ಇದೆಯೇ ನೋಡಬೇಕು. ಇಲ್ಲದಿದ್ದರೆ ಮಾಡೆಲ್ ನಂಬರ್ ಹಾಕಿ ಕಂಪನಿಯ ವಿವರಪಟ್ಟಿ ತೆಗೆಯಬೇಕು. ಹಬ್ಬಿನ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಇದು ಮುಖ್ಯ.

ಇನ್ನು ವೇಗ. ಸಾಮಾನ್ಯ ಹಬ್ಬಿಗೆ ಲ್ಯಾಪ್‌ಟಾಪಿನಿಂದ ಸಿಗುವುದು ಸೆಕೆಂಡಿಗೆ 5 ಗಿಗಾಬಿಟ್‌ನ ಒಂದೇ ದಾರಿ. ಮೂತಿ ಏಳಿದ್ದರೂ ಎಲ್ಲವೂ ಅದನ್ನೇ ಹಂಚಿಕೊಳ್ಳಬೇಕು, ಕಾಲುವೆಯ ಕೊನೆಭಾಗದ ರೈತರ ಪಾಡಿನಂತೆ. ಆದರೆ ದಲಾಲಿ ಅಂಗಡಿಗೆ ಇದು ದೊಡ್ಡ ಚಿಂತೆಯಲ್ಲ. ಪ್ರಿಂಟರ್, ಟೋಕನ್, ಮೌಸ್ ಮೂರೂ ಸೇರಿ ಹೀರುವ ನೀರು ಒಂದು ಬೊಗಸೆ. ವಿಡಿಯೊ ಎಡಿಟ್ ಮಾಡುವವರಿಗೆ ಹೇಳಿದ ಸಲಹೆ ಕೇಳಿ ನಾಲ್ಕು ಪಟ್ಟು ದುಡ್ಡು ಸುರಿಯಬೇಕಿಲ್ಲ.

ಚಿಂತೆ ಇರುವುದು ಕರೆಂಟಿನದು. ಡಾಕಿಗೆ ಅದರದೇ ಅಡಾಪ್ಟರ್ ಇರುತ್ತದೆ. ಲ್ಯಾಪ್‌ಟಾಪಿಗೂ ಅದೇ ಚಾರ್ಜ್ ಕೊಡುತ್ತದೆ, ಒಂದೇ ವೈರಿನಲ್ಲಿ ಎಲ್ಲ ಕೆಲಸ. ಬೆಂಗಳೂರಿನ ಜನರೇಟರ್ ಇರುವ ಆಫೀಸಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಕರೆಂಟ್ ಹೋದ ಕ್ಷಣ ಡಾಕ್ ಮಲಗುತ್ತದೆ, ಅದಕ್ಕೆ ಸಿಕ್ಕಿಸಿದ ಲ್ಯಾನು, ಡಿಸ್ಕು, ಟೋಕನ್ ಎಲ್ಲ ಮಲಗುತ್ತವೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಒಂಟಿಯಾಗಿ ಎಚ್ಚರವಿರುತ್ತದೆ. ಬಡ ಹಬ್ಬು ಲ್ಯಾಪ್‌ಟಾಪಿನ ಬ್ಯಾಟರಿಯನ್ನೇ ತಿಂದು ಬದುಕುವುದರಿಂದ ಅದಕ್ಕೆ ಕರೆಂಟ್ ಹೋದದ್ದೇ ಗೊತ್ತಾಗುವುದಿಲ್ಲ.

ಕಾಗಿನೆಲೆಯ ಹುಡುಗನಿಗೆ ಕನಕದಾಸರ ರಾಮಧಾನ್ಯಚರಿತೆಯನ್ನು ನೆನಪಿಸಿದೆ. ಅಕ್ಕಿ ಮೇಲೋ ರಾಗಿ ಮೇಲೋ ಎಂಬ ಜಗಳ ರಾಮನ ಮುಂದೆ ಬಂದಾಗ ಅವನು ಕುಲ, ಬಣ್ಣ, ನೈವೇದ್ಯದ ಮಾತಿಗೆ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಅಕ್ಕಿ ಕೆಟ್ಟಿತ್ತು, ರಾಗಿ ಗಟ್ಟಿಯಾಗಿತ್ತು. ಪರೀಕ್ಷೆಯ ಈ ಕ್ರಮ ನನಗೆ ಬಲು ಮೆಚ್ಚುಗೆ. ಹಾಗೆಂದು ಹಬ್ಬನ್ನೇ ರಾಗಿ ಎಂದು ಪಟ್ಟ ಕಟ್ಟುವ ಹಾಗಿಲ್ಲ, ಅದರಲ್ಲೂ ಬೇಗ ಕೆಡುವ ತಳಿ ಇದೆ.

ಹಬ್ಬಿನ ಮೂಲಕವೇ ಲ್ಯಾಪ್‌ಟಾಪ್ ಚಾರ್ಜ್ ಮಾಡುವ ಏರ್ಪಾಡು ಆ ತಳಿ. ಚಾರ್ಜರ್ ಹಬ್ಬಿಗೆ, ಹಬ್ಬು ಲ್ಯಾಪ್‌ಟಾಪಿಗೆ. ಕರೆಂಟ್ ಹೋದಾಗ ಹಬ್ಬು ಚಾರ್ಜರಿನ ಅನ್ನ ಬಿಟ್ಟು ಲ್ಯಾಪ್‌ಟಾಪಿನ ಅನ್ನಕ್ಕೆ ತಿರುಗಬೇಕು. ಆ ತಿರುಗುವ ಗಳಿಗೆಯಲ್ಲಿ ಅನೇಕ ಹಬ್ಬುಗಳು ಎಲ್ಲ ಸಾಮಾನಿನ ಕೈಬಿಟ್ಟು ಮತ್ತೆ ಹಿಡಿಯುತ್ತವೆ. ಹಾರ್ಡ್‌ಡಿಸ್ಕಿಗೆ ಹೋಗುತ್ತಿದ್ದ ಫೈಲು ಅರ್ಧಕ್ಕೆ ತುಂಡಾಗುತ್ತದೆ, ಟೋಕನ್ ಮತ್ತೆ ಪಿನ್ ಕೇಳುತ್ತದೆ. ಇದನ್ನು ತಪ್ಪಿಸಲು ಫಾಸ್ಟ್ ರೋಲ್ ಸ್ವಾಪ್ ಎಂಬ ವ್ಯವಸ್ಥೆ ಯುಎಸ್‌ಬಿ ನಿಯಮಾವಳಿಯಲ್ಲೇ ಇದೆ. ಹಬ್ಬೂ ಲ್ಯಾಪ್‌ಟಾಪೂ ಎರಡೂ ಅದನ್ನು ಬಲ್ಲವಾಗಿರಬೇಕು, ಡಬ್ಬಿಯ ಮೇಲೆ ಅದರ ಹೆಸರು ಕಾಣುವುದು ಅಪರೂಪ. ಹುಡುಗನ ಲ್ಯಾಪ್‌ಟಾಪಿಗೆ ಗುಂಡು ಪಿನ್ನಿನ ಚಾರ್ಜರ್ ಬೇರೆಯೇ ಇತ್ತು. ಚಾರ್ಜರ್ ಅಲ್ಲೇ ಇರಲಿ, ಸಿ ಪೋರ್ಟನ್ನು ಹಬ್ಬಿಗೆ ಬಿಡು ಎಂದೆ. ಆ ಹಳೆಯ ಪಿನ್ನನ್ನು ಕೊರತೆ ಎಂದುಕೊಂಡಿದ್ದ. ಸಿ ಒಂದೇ ಇರುವವರು ಡಾಕ್ ಕೊಂಡು ಅದರ ಅಡಾಪ್ಟರನ್ನು ಯುಪಿಎಸ್‌ಗೆ ಹಾಕುವುದೇ ಮೇಲು.

ಬ್ಯಾಟರಿಯಿಂದ ಉಣ್ಣುವ ಹಬ್ಬಿಗೂ ಮಿತಿ ಇದೆ. ಸಿ ಪೋರ್ಟಿನಿಂದ 5 ವೋಲ್ಟಿನಲ್ಲಿ ಸಾಮಾನ್ಯವಾಗಿ ಸಿಗುವುದು 1.5 ಇಲ್ಲವೇ 3 ಆಂಪಿಯರ್, ಎಂದರೆ 7.5 ಅಥವಾ 15 ವ್ಯಾಟ್. ಹಾರ್ಡ್‌ಡಿಸ್ಕ್ ಒಂದೇ ನಾಲ್ಕೂವರೆ ವ್ಯಾಟ್ ಕೇಳಬಹುದು. ಅದನ್ನು ಲ್ಯಾಪ್‌ಟಾಪಿಗೇ ನೇರವಾಗಿ ಸಿಕ್ಕಿಸಿ ಉಳಿದವನ್ನು ಹಬ್ಬಿಗೆ ಹಾಕಿದರೆ ರಗಳೆಯಿಲ್ಲ. ವೈರ್‌ಲೆಸ್ ಮೌಸಿನ ಗುಬ್ಬಿಯನ್ನು ಮಾತ್ರ ಹಾರ್ಡ್‌ಡಿಸ್ಕಿನ ಪಕ್ಕ ಹಾಕಬಾರದು. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್ ತರಂಗಕ್ಕೆ ಅಡ್ಡಬರುತ್ತದೆಂದು ಇಂಟೆಲ್‌ನವರೇ 2012ರಲ್ಲಿ ಬರೆದಿದ್ದಾರೆ. ಮೌಸ್ ತಡವರಿಸಿದರೆ ಸೆಲ್ ಬದಲಾಯಿಸುವ ಮುನ್ನ ಜಾಗ ಬದಲಾಯಿಸಿ.

ತೂಕದ ಯಂತ್ರದ ಕಥೆಯೇ ಬೇರೆ. ಹಲವು ಎಲೆಕ್ಟ್ರಾನಿಕ್ ಕಾಟಾಗಳು ಇಂದಿಗೂ ಮಾತಾಡುವುದು 1960ರಲ್ಲಿ ಹುಟ್ಟಿದ ಆರ್‌ಎಸ್-232 ಭಾಷೆ, ಒಂಬತ್ತು ಪಿನ್ನಿನ ಕನೆಕ್ಟರಿನಲ್ಲಿ. ಎಷ್ಟೇ ದುಬಾರಿ ಡಾಕ್ ತಂದರೂ ಆ ಪೋರ್ಟ್ ಸಿಗುವುದು ವಿರಳ. ಅದಕ್ಕೆ ಪ್ರತ್ಯೇಕ ಕನ್ವರ್ಟರ್ ವೈರು ಬೇಕು, ಅದರೊಳಗಿನ ಚಿಪ್ಪು ಅಸಲಿಯಾಗಿರಬೇಕು. 2014ರಲ್ಲಿ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ, ನಕಲಿ ಎಂದು ತಿಳಿಯದೆ ಕೊಂಡವರ ವೈರುಗಳನ್ನೂ ಕೆಲಸಕ್ಕೆ ಬಾರದಂತೆ ಮಾಡಿತ್ತು. ನಕಲಿ ಮಾಡಿದವನನ್ನು ಬಿಟ್ಟು ಕೊಂಡವನಿಗೆ ಶಿಕ್ಷೆ ಕೊಟ್ಟದ್ದು ಯಾವ ನ್ಯಾಯವೋ!

ಬ್ಯಾಡಗಿಗೇ ಮೀಸಲಾದ ವೈರಿ ಘಾಟಿನ ಪುಡಿ. ಬಳಸದ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಬೇಕು. ಹಬ್ಬು ಗಾದಿಯಿಂದ ಕೆಳಗೆ ಜೋತಾಡಬಾರದು, ಅದರ ಭಾರಕ್ಕೆ ಮೊದಲು ಸಡಿಲವಾಗುವುದು ಲ್ಯಾಪ್‌ಟಾಪಿನ ಪೋರ್ಟೇ.

ರಾಣೆಬೆನ್ನೂರಿನಲ್ಲೋ ಹಾವೇರಿಯಲ್ಲೋ ಕೊಳ್ಳುವವರು ಸ್ವಂತ ಲ್ಯಾಪ್‌ಟಾಪ್, ಟೋಕನ್, ಒಂದು ಪೆನ್‌ಡ್ರೈವ್ ಒಯ್ಯಲಿ. ಹಬ್ಬಿಗೆಲ್ಲ ಸಿಕ್ಕಿಸಿ, ದೊಡ್ಡ ಫೈಲೊಂದನ್ನು ಕಾಪಿಗೆ ಹಚ್ಚಿ, ಚಾರ್ಜರಿನ ಸ್ವಿಚ್ ಆರಿಸಿ ನೋಡಲಿ. ಫೈಲಿನ ಪ್ರತಿ ಇಟ್ಟುಕೊಂಡೇ ಇದನ್ನು ಮಾಡಬೇಕು. ಅಂಗಡಿಯವರು ಒಪ್ಪದಿದ್ದರೆ ಮುಂದಿನ ಅಂಗಡಿ. ಆನ್‌ಲೈನ್ ತರಿಸಿದವರು ವಾಪಸಿನ ಗಡುವು ಮುಗಿಯುವುದರೊಳಗೆ ಮನೆಯಲ್ಲೇ ಇದನ್ನು ಮಾಡಲಿ, ಮಾರುಕಟ್ಟೆ ಇಲ್ಲದ ದಿನ.